‘ಇಫ್’ ಆದ ಮೇಲೆ ‘ವಿಲ್’ ಬಂದರೆ ತಪ್ಪೇನು?

ಕಂಟೇನರ್ ಅಕ್ಕ, ಠಾಣೆ
ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಹಡಗಿನ ಸರಕು ಬಿಡಿಸಿಕೊಡುವ ಸಣ್ಣ ಕಚೇರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಾವಾ ಶೇವಾ ಬಂದರಿನಲ್ಲಿ ಇಳಿಯುವ ಕಂಟೇನರ್‌ಗಳ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಓದಿದ್ದು ಗದಗಿನಲ್ಲಿ, ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮ. ಬಿಲ್ ಆಫ್ ಎಂಟ್ರಿ, ಡೆಲಿವರಿ ಆರ್ಡರ್, ಡೆಮರೇಜ್ ಇವನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕಳೆದ ವಾರ ಮಾತ್ರ ಮಾನ ಹೋಯಿತು. ಹೊಸದಾಗಿ ಬಂದ ಮ್ಯಾನೇಜರ್ ನನ್ನ ಮೇಲ್ ಅನ್ನು ಕೆಂಪು ಅಕ್ಷರದಲ್ಲಿ ತಿದ್ದಿ, ಇಡೀ ಕಚೇರಿಗೆ ಕಾಣುವಂತೆ ವಾಪಸ್ ಕಳುಹಿಸಿದರು. ನಾನು ಬರೆದಿದ್ದ ಸಾಲು ಇದು:

‘ಇಫ್ ದಿ ವೆಸೆಲ್ ವಿಲ್ ಅರೈವ್ ಆನ್ ಫ್ರೈಡೇ, ವಿ ವಿಲ್ ಫೈಲ್ ದಿ ಪೇಪರ್ಸ್ ಆನ್ ಸ್ಯಾಟರ್ಡೇ.’

ಮೊದಲನೆಯ ‘ವಿಲ್’ ಮೇಲೆ ಕೆಂಪು ಗೀಟು, ಎರಡನೆಯದಕ್ಕೆ ಏನೂ ಇಲ್ಲ. ಹಡಗು ಬರುವುದು ಮುಂದಿನ ಶುಕ್ರವಾರ. ಮುಂದೆ ಬರುವುದಕ್ಕೆ ‘ವಿಲ್’ ಹಾಕದೆ ಇನ್ನೇನು ಹಾಕಬೇಕು? ಸ್ಟೇಷನ್ ಹತ್ತಿರ ಒಂದು ವ್ಯಾಕರಣದ ಪುಸ್ತಕ ಕೊಂಡೆ. ಅದರಲ್ಲಿ ಷರತ್ತು ವಾಕ್ಯಗಳಿಗೆ ಸೊನ್ನೆ, ಒಂದು, ಎರಡು, ಮೂರು ಎಂದು ಬಸ್ಸಿಗೆ ಕೊಟ್ಟಂತೆ ನಂಬರ್ ಕೊಟ್ಟಿದ್ದಾರೆ. ಪನವೇಲ್ ಲೋಕಲ್‌ನಲ್ಲಿ ಕುಳಿತು ಬಾಯಿಪಾಠ ಮಾಡುತ್ತೇನೆ. ಐರೋಲಿ ಬರುವಷ್ಟರಲ್ಲಿ ಬಂದಿರುತ್ತದೆ, ತುರ್ಭೆ ಬರುವಷ್ಟರಲ್ಲಿ ಹೋಗಿರುತ್ತದೆ. ಯಾರಾದರೂ ಬಿಡಿಸಿ ಹೇಳುತ್ತೀರಾ?


ಹಿಂಜವಡಿ ಹುಡುಗ, ಪುಣೆ
ಸೋಮವಾರ, ರಾತ್ರಿ 9.58

ಅಕ್ಕಾ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಹಡಗು ಬಂದರೆ ಕಾಗದ ಸಲ್ಲಿಸುತ್ತಾರೆ ಎಂದು ಓದಿದವರಿಗೆ ಅರ್ಥವಾಯಿತಲ್ಲ. ಈಗ ಮೇಲ್ ಬರೆಯುವಾಗಲೇ ಕಂಪ್ಯೂಟರ್ ಕೆಳಗೆ ಗೆರೆ ಎಳೆದು ತಿದ್ದಿಕೊಡುತ್ತದೆ.


ಕಂಟೇನರ್ ಅಕ್ಕ, ಠಾಣೆ
ಸೋಮವಾರ, ರಾತ್ರಿ 10.05

ಮೇಲ್ ತಿದ್ದುತ್ತದೆ ಸರಿ. ಸಿಂಗಪುರದ ಏಜೆಂಟ್ ಫೋನಿನಲ್ಲಿ ಬಂದಾಗ ನನ್ನ ಬಾಯಿಯ ಕೆಳಗೆ ಗೆರೆ ಎಳೆಯುವವರು ಯಾರು?


ಮಾಟುಂಗಾ ಮೇಷ್ಟ್ರು
ಸೋಮವಾರ, ರಾತ್ರಿ 11.20

ನೋಡಿ ತಾಯಿ, ನಾನು ಇಪ್ಪತ್ತೆರಡು ವರ್ಷ ಮುಂಬಯಿಯ ಕೋಟೆ (ಫೋರ್ಟ್) ಕಡೆಯ ಕನ್ನಡ ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನು. ವಿದ್ಯಾರ್ಥಿಗಳೆಲ್ಲ ಹೋಟೆಲ್ ಹುಡುಗರು. ಬೆಳಗಿನಿಂದ ಲೋಟ ಎತ್ತಿ ಸುಸ್ತಾಗಿ ಬಂದವರಿಗೆ ನಂಬರ್ ಹೇಳಿದರೆ ನಿದ್ದೆ ಬರುತ್ತಿತ್ತು. ಆದ್ದರಿಂದ ನಾನು ಪುಸ್ತಕ ಮುಚ್ಚಿಸಿ ಕನ್ನಡದಿಂದಲೇ ಶುರು ಮಾಡುತ್ತಿದ್ದೆ. ನೀವೂ ಮುಚ್ಚಿ.

‘ನಾಳೆ ಹಡಗು ಬಂದರೆ’ ಎನ್ನುತ್ತೀರಲ್ಲ, ಆ ‘ಬಂದರೆ’ಯ ಹೊಟ್ಟೆಯೊಳಗೆ ಏನಿದೆ ನೋಡಿ. ‘ಬಂದ’ ಇದೆ. ಬಂದನು, ಬಂದಳು, ಬಂದಿತು ಎನ್ನುವಾಗಿನ ಅದೇ ‘ಬಂದ’. ಹೋದರೆ, ತಿಂದರೆ, ಕೊಟ್ಟರೆ, ಬಿದ್ದರೆ, ಯಾವುದನ್ನು ಬಿಡಿಸಿದರೂ ಒಳಗೆ ಸಿಗುವುದು ಭೂತಕಾಲದ ರೂಪ. ಹಡಗು ಇನ್ನೂ ಅರಬ್ಬೀ ಸಮುದ್ರದ ನಡುವೆ ಇದೆ, ನಾಳೆ ಬರಬೇಕಾದದ್ದು. ನಾವು ಅದಕ್ಕೆ ನಿನ್ನೆಯ ಅಂಗಿ ತೊಡಿಸಿ ಮಾತನಾಡುತ್ತೇವೆ. ‘ಬರುತ್ತರೆ’ ಎಂದು ಯಾವ ಮಗುವೂ ತಪ್ಪಿಯೂ ಹೇಳುವುದಿಲ್ಲ. ಹಾಗಾಗಿ, ಮುಂದಿನ ಮಾತಿಗೆ ಮುಂದಿನ ಕಾಲದ ಕ್ರಿಯಾಪದ ಬೇಡ ಎನ್ನುವುದು ಇಂಗ್ಲಿಷಿನವರು ನಿಮಗೆ ಹೊಸದಾಗಿ ಕಲಿಸುತ್ತಿರುವ ವಿದ್ಯೆಯಲ್ಲ. ತೊಟ್ಟಿಲಲ್ಲೇ ಕಲಿತಿದ್ದೀರಿ.

ಇಂಗ್ಲಿಷಿನ ‘ಇಫ್’ ಕೂಡ ಹೀಗೆಯೇ ಕಾಲವನ್ನು ಒಂದೊಂದು ಮೆಟ್ಟಿಲು ಹಿಂದಕ್ಕೆ ಇಳಿಸುತ್ತದೆ. ನಿಮ್ಮ ಹಡಗನ್ನೇ ಇಟ್ಟುಕೊಳ್ಳೋಣ.

ಹಡಗು ಬರುವ ಸಾಧ್ಯತೆ ನಿಜವಾಗಿ ಇದೆ: ‘ಹಡಗು ಬಂದರೆ ಸಲ್ಲಿಸುತ್ತೇವೆ’. ಇಲ್ಲಿ ‘ವಿಲ್ ಅರೈವ್’ ಒಂದು ಮೆಟ್ಟಿಲು ಇಳಿದು ‘ಅರೈವ್ಸ್’ ಆಗುತ್ತದೆ. ಇನ್ನೊಂದು ಕಡೆ ‘ವಿಲ್ ಫೈಲ್’ ಹಾಗೆಯೇ ಉಳಿಯುತ್ತದೆ. ನಿಮ್ಮ ಮ್ಯಾನೇಜರ್ ಎರಡನೆಯದನ್ನು ಮುಟ್ಟದಿರುವುದಕ್ಕೆ ಕಾರಣ ಇದೇ.

ಹಡಗು ಈಗ ಬಂದರಿನಲ್ಲಿ ಇಲ್ಲ, ಇದೆ ಎಂದು ಕಲ್ಪಿಸಿಕೊಳ್ಳುತ್ತಿದ್ದೀರಿ: ‘ಹಡಗು ಈಗ ಇಲ್ಲಿ ಇದ್ದರೆ ಇವತ್ತೇ ಸಲ್ಲಿಸುತ್ತಿದ್ದೆವು’. ‘ಇಫ್ ದಿ ವೆಸೆಲ್ ವರ್ ಹಿಯರ್, ವಿ ವುಡ್ ಫೈಲ್ ಟುಡೇ.’ ಮಾತು ಈಗಿನದು, ಕ್ರಿಯಾಪದ ಹಿಂದಿನದು.

ಶುಕ್ರವಾರ ಕಳೆದೇ ಹೋಯಿತು, ಹಡಗು ಬರಲಿಲ್ಲ: ‘ಬಂದಿದ್ದರೆ ಸಲ್ಲಿಸುತ್ತಿದ್ದೆವು’. ‘ಇಫ್ ದಿ ವೆಸೆಲ್ ಹ್ಯಾಡ್ ಅರೈವ್ಡ್, ವಿ ವುಡ್ ಹ್ಯಾವ್ ಫೈಲ್ಡ್.’ ಇನ್ನೂ ಒಂದು ಮೆಟ್ಟಿಲು ಕೆಳಗೆ.

ಇನ್ನು ಉಳಿದ ಸೊನ್ನೆ ನಂಬರ್ ಮುಂಬಯಿಯವರಿಗೆ ಹೇಳಿಕೊಡಬೇಕಾಗಿಲ್ಲ. ಹಳಿಯ ಮೇಲೆ ನೀರು ನಿಂತರೆ ಲೋಕಲ್ ನಿಲ್ಲುತ್ತದೆ. ಯಾವತ್ತೂ ಹಾಗೆಯೇ, ಊಹೆಗೆ ಜಾಗವೇ ಇಲ್ಲ. ಎರಡೂ ಕಡೆ ವರ್ತಮಾನ. ‘ಇಫ್’ ತೆಗೆದು ‘ವೆನ್’ ಹಾಕಿದರೂ ಅರ್ಥ ಕದಲುವುದಿಲ್ಲ.

ನಮ್ಮವರು ನಿಜವಾಗಿ ಎಡವುವ ಜಾಗ ಬೇರೆ ಇದೆ. ಮೇಲಿನ ಎರಡನೆಯ ಮತ್ತು ಮೂರನೆಯ ವಾಕ್ಯಗಳನ್ನು ಮತ್ತೆ ಓದಿ. ಕನ್ನಡದಲ್ಲಿ ಎರಡರ ಬಾಲವೂ ‘ಸಲ್ಲಿಸುತ್ತಿದ್ದೆವು’. ಇಂಗ್ಲಿಷ್ ಮಾತ್ರ ‘ವುಡ್ ಫೈಲ್’ ಮತ್ತು ‘ವುಡ್ ಹ್ಯಾವ್ ಫೈಲ್ಡ್’ ಎಂದು ಎರಡು ಮಾಡುತ್ತದೆ. ಸಾಮ್ಯವೂ ಒಂದಿದೆ. ‘ಆಗೆಲ್ಲ ಪ್ರತಿ ಶನಿವಾರ ಸಲ್ಲಿಸುತ್ತಿದ್ದೆವು’ ಎಂದು ಹಳೆಯ ರೂಢಿ ಹೇಳುವಾಗಲೂ ನಮಗೆ ಇದೇ ರೂಪ ಬರುತ್ತದೆ. ಇಂಗ್ಲಿಷಿನ ‘ವುಡ್’ ಕೂಡ ಹಳೆಯ ರೂಢಿಗೆ ಬರುತ್ತದೆ. ಎಲ್ಲಿಯ ಗದಗು, ಎಲ್ಲಿಯ ಲಂಡನ್!


ಡೊಂಬಿವಲಿ ಸೊಸೆ
ಮಂಗಳವಾರ, ಬೆಳಗ್ಗೆ 6.15

ಮೇಷ್ಟ್ರೇ, ‘ಬಂದರೆ’ಯಲ್ಲಿ ‘ವಿಲ್’ ಇಲ್ಲವೆಂದಾದರೆ ಅಕ್ಕನ ಬಾಯಿಗೆ ಅದು ಬಂದದ್ದು ಎಲ್ಲಿಂದ? ನನ್ನ ಗುಮಾನಿ ಹಿಂದಿಯ ಮೇಲೆ. ಬಂದರಿನಲ್ಲಿ ಇಡೀ ದಿನ ನಡೆಯುವುದು ಹಿಂದಿ. ‘ಜಹಾಜ್ ಆಯೇಗಾ ತೋ’ ಎನ್ನುವಲ್ಲಿ ಭವಿಷ್ಯತ್ಕಾಲ ಕಣ್ಣಿಗೆ ಹೊಡೆಯುವಂತೆ ಕುಳಿತಿದೆ. ಅದನ್ನೇ ಪದಕ್ಕೆ ಪದ ಇಟ್ಟರೆ ‘ಇಫ್ ದಿ ಶಿಪ್ ವಿಲ್ ಕಮ್’ ತಾನಾಗಿ ಬರುತ್ತದೆ.

ನನ್ನ ಗಂಡನ ಮನೆಯವರು ಮರಾಠಿಯವರು. ಅವರು ಈ ತಪ್ಪು ಮಾಡುವುದು ಕಡಿಮೆ, ಏಕೆಂದರೆ ‘ಪಾವೂಸ್ ಆಲಾ ತರ್’ ಎನ್ನುವಾಗಿನ ‘ಆಲಾ’ ನಮ್ಮ ‘ಬಂದ’ನ ಹಾಗೆ ಭೂತಕಾಲದ್ದು. ಅವರ ತಪ್ಪು ಬೇರೆ. ನನ್ನ ಯಜಮಾನರು ‘ಇಫ್ ಐ ವುಡ್ ಹ್ಯಾವ್ ನೋನ್, ಐ ವುಡ್ ಹ್ಯಾವ್ ಕಮ್’ ಎನ್ನುತ್ತಾರೆ. ಮದುವೆಯಾಗಿ ಹದಿನಾಲ್ಕು ವರ್ಷ ಆಯಿತು, ಏಕೆ ಹೀಗೆನ್ನುತ್ತಾರೆ ಎಂದು ನಿನ್ನೆ ರಾತ್ರಿ ನಿಮ್ಮ ಬರಹ ಓದಿದ ಮೇಲೆ ಹೊಳೆಯಿತು. ಮರಾಠಿಯಲ್ಲಿ ‘ತೋ ಆಲಾ ಅಸತಾ ತರ್ ಮೀ ದಿಲೇ ಅಸತೇ’, ಎಂದರೆ ಅವನು ಬಂದಿದ್ದರೆ ನಾನು ಕೊಡುತ್ತಿದ್ದೆ. ಆ ‘ಅಸತಾ’ ತಕ್ಕಡಿಯ ಹಾಗೆ ಎರಡೂ ಕಡೆ ಇದೆ. ಹಾಗಾಗಿ ‘ವುಡ್ ಹ್ಯಾವ್’ ಅನ್ನೂ ಎರಡೂ ತಟ್ಟೆಗೆ ಹಾಕುತ್ತಾರೆ. ಏಳಲಿ, ಚಹಾ ಕೊಡುವಾಗ ಹೇಳುತ್ತೇನೆ.

ಒಂದು ತಕರಾರೂ ಇದೆ. ‘ಈಗ ಇದ್ದರೆ’, ‘ಆಗ ಇದ್ದಿದ್ದರೆ’ ಎಂದು ನೀವು ಗೆರೆ ಕೊರೆದಂತೆ ಬೇರೆ ಮಾಡಿದಿರಿ. ನಾವು ಈಗಿನ ಮಾತಿಗೂ ‘ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ’ ಎನ್ನುತ್ತೇವಲ್ಲ?


ಮಾಟುಂಗಾ ಮೇಷ್ಟ್ರು
ಮಂಗಳವಾರ, ಬೆಳಗ್ಗೆ 7.30

ಒಪ್ಪಿದೆ ತಾಯಿ. ಕನ್ನಡ ಅಲ್ಲಿ ಸಡಿಲ. ‘ಇದ್ದಿದ್ದರೆ’ ಕಂಡ ಕೂಡಲೇ ‘ಹ್ಯಾಡ್ ಬೀನ್’ ಎಂದು ಹಾರಬಾರದು. ಮೊದಲು ‘ಇದು ಯಾವಾಗಿನ ಮಾತು?’ ಎಂದು ಕೇಳಿಕೊಳ್ಳಬೇಕು. ಸಲಹೆ ಕೊಡುವುದು ಈಗ, ಆದ್ದರಿಂದ ‘ಇಫ್ ಐ ವರ್ ಯು’. ‘ಐ’ ಆದ ಮೇಲೆ ‘ವಾಸ್’ ಬಿಟ್ಟು ‘ವರ್’ ಏಕೆ ಎಂದು ಹುಡುಗರು ಕೇಳುತ್ತಿದ್ದರು. ನನ್ನ ಅಜ್ಜಿ ‘ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು’ ಎನ್ನುತ್ತಿದ್ದಳು. ಬರಲಾರದ ಮೀಸೆಗೆ ಇಂಗ್ಲಿಷಿನವರು ಉಳಿಸಿಕೊಂಡಿರುವ ಹಳೆಯ ರೂಪ ಆ ‘ವರ್’. ಮಾತಿನಲ್ಲಿ ‘ವಾಸ್’ ಎನ್ನುವವರೂ ಬೇಕಾದಷ್ಟಿದ್ದಾರೆ. ಮೇಲ್ ಬರೆಯುವಾಗ ‘ವರ್’ ಇರಲಿ.


ಮಡಗಾಂವ್ ಮಾಮ, ಗೋವಾ
ಮಂಗಳವಾರ, ಬೆಳಗ್ಗೆ 10.10

ಇಲ್ಲಿಯ ಕೊಂಕಣಿಯೂ ಅದೇ ಜಾಡು. ‘ಪಾವಸ್ ಆಯ್ಲ್ಯಾರ್’ ಎಂದರೆ ಮಳೆ ಬಂದರೆ. ಒಳಗಿರುವುದು ‘ಆಯ್ಲೊ’, ಎಂದರೆ ಬಂದ. ಕನ್ನಡ, ಮರಾಠಿ, ಕೊಂಕಣಿ ಮೂರೂ ನಾಳೆಯ ಮಳೆಗೆ ನಿನ್ನೆಯ ಕ್ರಿಯಾಪದ ಹಾಕುತ್ತವೆ ಎಂದಾಯಿತು.

ಕನ್ನಡವೇ ಕೈ ಹಿಡಿದು ಹಳ್ಳಕ್ಕೆ ದೂಡುವ ಒಂದು ಜಾಗವನ್ನು ನಾನು ತೋರಿಸುತ್ತೇನೆ. ‘ಅನ್‌ಲೆಸ್’. ನಾನು ನಡೆಸುವ ಅತಿಥಿಗೃಹದ ಗೋಡೆಗೆ ಎರಡು ವರ್ಷ ‘ಅನ್‌ಲೆಸ್ ಯು ಡೋಂಟ್ ಪೇ, ವಿ ಕೆನಾಟ್ ಗಿವ್ ದಿ ಕೀ’ ಎಂಬ ಬೋರ್ಡು ತೂಗುತ್ತಿತ್ತು. ಬರೆಸಿದವನು ನಾನೇ. ಒಬ್ಬ ಮುದುಕ ಪ್ರವಾಸಿ ಅದನ್ನು ಎರಡು ಸಲ ಓದಿ, ‘ಹಣ ಕೊಡದಿದ್ದರೆ ಕೀ ಕೊಡುತ್ತೀರಿ ಎಂದು ಬರೆದಿದ್ದೀರಿ, ನಾನು ಕೊಡುವುದಿಲ್ಲ, ಕೀ ಕೊಡಿ’ ಎಂದು ಕೈ ಚಾಚಿದ. ನಾವು ‘ಹಣ ಕಟ್ಟದ ಹೊರತು’ ಎನ್ನುವಾಗ ‘ಕಟ್ಟದ’ ಎಂಬ ನಿಷೇಧ ಒಳಗೇ ಇರುತ್ತದೆ. ಹಾಗಾಗಿ ಕೈ ತಾನಾಗಿ ‘ಡೋಂಟ್’ ಹುಡುಕುತ್ತದೆ. ಇಂಗ್ಲಿಷಿನಲ್ಲಿ ‘ಅನ್‌ಲೆಸ್’ ತಾನೇ ಆ ‘ಇಲ್ಲ’ವನ್ನು ನುಂಗಿ ಕುಳಿತಿದೆ, ಇನ್ನೊಂದು ‘ಇಲ್ಲ’ ಹಾಕಿದರೆ ಅರ್ಥ ತಲೆಕೆಳಗು.


ಕಂಟೇನರ್ ಅಕ್ಕ, ಠಾಣೆ
ಮಂಗಳವಾರ, ಮಧ್ಯಾಹ್ನ 1.25

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ‘ಬಂದರೆ’ಯ ಹೊಟ್ಟೆಯಲ್ಲಿ ‘ಬಂದ’ ಇದೆ ಎಂಬುದು ಬೆಳಗಿನಿಂದ ತಲೆಯಲ್ಲೇ ಸುತ್ತುತ್ತಿದೆ. ಆದರೆ ಮೇಷ್ಟ್ರೇ, ಕನ್ನಡದಲ್ಲಿ ‘ಬರುವುದಾದರೆ’ ಎಂದೂ ಇದೆಯಲ್ಲ? ಅದರೊಳಗೆ ಇರುವುದು ‘ಬರುವ’. ಹಾಗಾದರೆ ನನ್ನ ‘ವಿಲ್’ ಅಲ್ಲಿಂದಲೇ ಬಂದಿರಬಾರದೇಕೆ? ಹಿಂದಿಯ ತಲೆಗೆ ಏಕೆ ಕಟ್ಟಬೇಕು?


ಡೊಂಬಿವಲಿ ಸೊಸೆ
ಮಂಗಳವಾರ, ಮಧ್ಯಾಹ್ನ 2.00

ಇದು ಅಡುಗೆಮನೆಯ ಪ್ರಶ್ನೆ, ನಾನು ಹೇಳುತ್ತೇನೆ. ನಾದಿನಿ ಫೋನ್ ಮಾಡಿ ಸಂಜೆ ಬರುತ್ತೇವೋ ಏನೋ ಎಂದಳು. ‘ನೀವು ಬಂದರೆ ಒಬ್ಬಟ್ಟು ಮಾಡುತ್ತೇನೆ’ ಎಂದೆನಾದರೆ ಅವರು ಬಂದು ಕುಳಿತ ಮೇಲೆ ಬೇಳೆ ಬೇಯಿಸಲು ಇಟ್ಟರೂ ನನ್ನ ಮಾತು ಸುಳ್ಳಾಗುವುದಿಲ್ಲ. ‘ನೀವು ಬರುವುದಾದರೆ ಒಬ್ಬಟ್ಟು ಮಾಡುತ್ತೇನೆ’ ಎಂದರೆ ಹಾಗಲ್ಲ. ಬರುವುದು ಖಚಿತ ಮಾಡಿ, ಈಗಲೇ ಹೂರಣ ರುಬ್ಬುತ್ತೇನೆ ಎಂದು ಅರ್ಥ. ಮೊದಲನೆಯದರಲ್ಲಿ ಬರುವುದು ಮೊದಲು, ಒಬ್ಬಟ್ಟು ಆಮೇಲೆ. ಎರಡನೆಯದರಲ್ಲಿ ಒಬ್ಬಟ್ಟು ಮೊದಲು, ಅವರು ಬರುವುದು ಆಮೇಲೆ.


ಮಾಟುಂಗಾ ಮೇಷ್ಟ್ರು
ಮಂಗಳವಾರ, ಸಂಜೆ 5.45

ಇಪ್ಪತ್ತೆರಡು ವರ್ಷ ಕಲಿಸಿದವನಿಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ. ಮಧ್ಯಾಹ್ನದ ನಿದ್ದೆ ಬಿಟ್ಟು ಇದನ್ನೇ ಯೋಚಿಸುತ್ತಾ ಕುಳಿತಿದ್ದೆ.

ಇಂಗ್ಲಿಷಿನಲ್ಲೂ ‘ಇಫ್’ ಜೊತೆ ‘ವಿಲ್’ ಬರುವ ಜಾಗಗಳಿವೆ. ‘ಎಂದೂ ಬರಬಾರದು’ ಎಂದು ಕೆಂಪು ಪೆನ್ನಿನವರು ಹೇಳುವುದು ಅರ್ಧ ಸತ್ಯ. ‘ಇಫ್ ಇಟ್ ವಿಲ್ ಮೇಕ್ ಯು ಹ್ಯಾಪಿ, ಐ ವಿಲ್ ಕಮ್’ ಎಂಬುದು ಶುದ್ಧ ಇಂಗ್ಲಿಷ್. ನಾನು ಬರುವುದು ಮೊದಲು, ನಿಮಗೆ ಸಂತೋಷವಾಗುವುದು ಆಮೇಲೆ. ಇದನ್ನು ಕನ್ನಡಕ್ಕೆ ತಿರುಗಿಸಿ. ‘ನಿಮಗೆ ಸಂತೋಷವಾಗುವುದಾದರೆ ಬರುತ್ತೇನೆ.’ ಕನ್ನಡ ‘ಆಗುವುದಾದರೆ’ ಎನ್ನುವ ಕಡೆಯಲ್ಲೇ ಇಂಗ್ಲಿಷ್ ‘ವಿಲ್’ಗೆ ಬಾಗಿಲು ತೆರೆದಿದೆ. ಷರತ್ತಿನ ಘಟನೆ ಫಲಕ್ಕಿಂತ ಆಮೇಲೆ ನಡೆಯುವಾಗ ಹೀಗಾಗುತ್ತದೆ.

ಎದುರಿನವರ ಮನಸ್ಸು ಕೇಳುವಾಗಲೂ ಬರುತ್ತದೆ. ‘ಇಫ್ ಯು ವಿಲ್ ವೇಟ್ ಹಿಯರ್’ ಎಂದರೆ ‘ದಯವಿಟ್ಟು ಇಲ್ಲಿ ಕಾಯುವಿರಾದರೆ’. ಒಬ್ಬಟ್ಟಿನ ವಾಕ್ಯಕ್ಕೆ ಮಾತ್ರ ‘ಇಫ್ ಯು ಆರ್ ಕಮಿಂಗ್’ ಎನ್ನುವುದು ಹೆಚ್ಚು ಸಹಜ.

ಅಕ್ಕನ ಹಡಗಿಗೆ ಇದನ್ನು ಒರೆ ಹಚ್ಚೋಣ. ಶುಕ್ರವಾರ ಹಡಗು, ಶನಿವಾರ ಕಾಗದ. ಹಡಗು ಮೊದಲು, ಕಾಗದ ಆಮೇಲೆ. ಆದ್ದರಿಂದ ‘ಬಂದರೆ’, ಆದ್ದರಿಂದ ‘ಅರೈವ್ಸ್’. ಬಾಯಿ ತೆರೆಯುವ ಮುಂಚೆ ಮನಸ್ಸಿನಲ್ಲಿ ಕನ್ನಡ ಹೇಳಿ ನೋಡಿಕೊಳ್ಳಿ. ‘ಬಂದರೆ’ ಬಂತೋ, ‘ವಿಲ್’ ಬೇಡ. ‘ಬರುವುದಾದರೆ’ ಬಂತೋ, ಒಂದು ಕ್ಷಣ ನಿಂತು ಯೋಚಿಸಿ.


ಗಲ್ಲಾ ಅಣ್ಣ, ಕುರ್ಲಾ
ಮಂಗಳವಾರ, ರಾತ್ರಿ 11.50

ಹೋಟೆಲ್ ಬಾಗಿಲು ಹಾಕಿ ಈಗ ಓದಿದೆ. ನಾನೂ ರಾತ್ರಿಶಾಲೆಯ ಹುಡುಗನೇ, ಇವರದ್ದಲ್ಲದ ಬೇರೆ ಶಾಲೆ. ಕುಂದಾಪುರದ ಕಡೆಯಿಂದ ಬಂದು ಕ್ಲೀನರ್ ಆಗಿ ಸೇರಿದೆ, ಆಮೇಲೆ ಸಪ್ಲಾಯರ್, ಈಗ ಗಲ್ಲಾದ ಮೇಲೆ ಕೂರುತ್ತೇನೆ.

2005ರ ಜುಲೈ 26 ಮಂಗಳವಾರ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನ. ಮಧ್ಯಾಹ್ನ ನನಗೆ ಧಣಿಗಳು ದಾದರ್‌ಗೆ ಹೋಗಿ ಒಂದು ಬಾಕಿ ವಸೂಲಿ ಮಾಡಿಕೊಂಡು ಬಾ ಎಂದಿದ್ದರು. ಹೊರಡುವಾಗ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅದನ್ನು ಹೊಲಿಸಿಕೊಳ್ಳಲು ನಿಂತವನು ರೈಲು ತಪ್ಪಿಸಿಕೊಂಡೆ. ನಾನು ಹತ್ತಬೇಕಾಗಿದ್ದ ಗಾಡಿಯಲ್ಲಿ ಹೋದ ನನ್ನ ಕೋಣೆಯ ಗೆಳೆಯ ಸಾಯನ್ ಸ್ಟೇಷನ್ ಮುಟ್ಟುವ ಮೊದಲೇ ಸಿಕ್ಕಿಹಾಕಿಕೊಂಡು, ರಾತ್ರಿಯಿಡೀ ಡಬ್ಬಿಯಲ್ಲಿ ನಿಂತು, ಮರುದಿನ ಎದೆಮಟ್ಟದ ನೀರಿನಲ್ಲಿ ನಡೆದು ಬಂದ. ನಾನು ಹೋಟೆಲಿನ ಅಟ್ಟದ ಮೇಲೆ ಅಕ್ಕಿ ಮೂಟೆಗಳ ಪಕ್ಕ ಮಲಗಿದ್ದೆ. ಕೆಳಗೆ ಮೇಜುಗಳು ತೇಲುತ್ತಿದ್ದವು.

ಶಾಲೆ ಮತ್ತೆ ತೆರೆದಾಗ ನಮ್ಮ ಮೇಷ್ಟ್ರು ಪಾಠ ಮಾಡಲಿಲ್ಲ. ಹಲಗೆಯ ಮೇಲೆ ‘ಇಫ್... ಹ್ಯಾಡ್...’ ಎಂದು ಬರೆದು, ಆ ದಿನದ ಬಗ್ಗೆ ಒಬ್ಬೊಬ್ಬರೂ ಒಂದು ವಾಕ್ಯ ಹೇಳಿ ಎಂದರು. ನನ್ನದು ‘ಇಫ್ ಮೈ ಚಪ್ಪಲ್ ಹ್ಯಾಡ್ ನಾಟ್ ಬ್ರೋಕನ್, ಐ ವುಡ್ ಹ್ಯಾವ್ ಕಾಟ್ ದಟ್ ಟ್ರೈನ್.’ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ, ಅವನ ಚಿಕ್ಕಪ್ಪ ಸಾಕಿನಾಕಾದಲ್ಲಿ ಗುಡ್ಡ ಕುಸಿದಾಗ ಹೋಗಿಬಿಟ್ಟಿದ್ದರು. ಅವನು ‘ಇಫ್ ಹಿ ಹ್ಯಾಡ್’ ಎಂದು ಎದ್ದು ನಿಂತ. ಅಲ್ಲಿಗೇ ನಿಲ್ಲಿಸಿದ. ಮೇಷ್ಟ್ರು ಕೂತುಕೊಳ್ಳಪ್ಪ ಎಂದರು. ಆ ‘ಹ್ಯಾಡ್’ ಮುಂದಿನ ಖಾಲಿ ಜಾಗ ನನಗೆ ಇವತ್ತಿಗೂ ಕಾಣಿಸುತ್ತದೆ. ಮೂರನೆಯ ನಂಬರ್ ನನಗೆ ಆಮೇಲೆ ಒಂದು ಸಲವೂ ತಪ್ಪಿಲ್ಲ.

ಇನ್ನೊಂದು ಬೆರಕೆ ರೂಪ ಇದೆ, ಪುಸ್ತಕದಲ್ಲಿ ಕೊನೆಗೆ ಇರುತ್ತದೆ. ಷರತ್ತು ಆಗಿನದು, ಫಲ ಈಗಿನದು. ‘ರಾತ್ರಿಶಾಲೆಗೆ ಸೇರದೆ ಇದ್ದಿದ್ದರೆ ಇವತ್ತಿಗೂ ಮೇಜು ಒರೆಸುತ್ತಿರುತ್ತಿದ್ದೆ.’ ‘ಇಫ್ ಐ ಹ್ಯಾಡ್ ನಾಟ್ ಜಾಯಿನ್ಡ್, ಐ ವುಡ್ ಸ್ಟಿಲ್ ಬಿ ವೈಪಿಂಗ್ ಟೇಬಲ್ಸ್.’ ಎರಡನೆಯ ಭಾಗದಲ್ಲಿ ‘ಹ್ಯಾವ್ ಬೀನ್’ ಬೇಡ, ಒರೆಸುವುದು ಈಗಿನ ಮಾತು.


ಹಿಂಜವಡಿ ಹುಡುಗ, ಪುಣೆ
ಬುಧವಾರ, ಬೆಳಗ್ಗೆ 9.15

ಗಲ್ಲಾ ಅಣ್ಣ ಬರೆದದ್ದನ್ನು ಓದಿ ನನ್ನ ಮೊದಲ ಉತ್ತರ ಅಳಿಸಿಬಿಡೋಣ ಎನಿಸಿತು. ಇರಲಿ, ಬಿಟ್ಟಿದ್ದೇನೆ. ನಾನು ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ದಿನಕ್ಕೆ ನೂರು ‘ಇಫ್’ ಬರೆಯುವವನು. ನಮ್ಮ ‘ಇಫ್’ಗೆ ಗೊತ್ತಿರುವುದು ಹೌದು, ಅಲ್ಲ, ಎರಡೇ. ಷರತ್ತು ಸುಳ್ಳಾದರೆ ‘ಎಲ್ಸ್’ ಕಡೆಗೆ ಹೋಗುತ್ತದೆ. ‘ಹಾಗಾಗಿದ್ದರೆ ಏನಾಗುತ್ತಿತ್ತು’ ಎಂದು ಹಳಹಳಿಸುವುದು ಯಂತ್ರಕ್ಕೆ ಬರುವುದಿಲ್ಲ. ಅದು ಬರುವುದು ಸರ್ವರ್ ಬಿದ್ದ ಮರುದಿನ ನಾವು ಬರೆಯುವ ವರದಿಯಲ್ಲಿ. ಅಲ್ಲಿ ‘ಹ್ಯಾಡ್ ವಿ ಟೆಸ್ಟೆಡ್ ಇಟ್’ ಎಂದು ‘ಇಫ್’ ಇಲ್ಲದೆಯೂ ಬರೆಯುತ್ತಾರೆ. ಅದು ಸರಿಯೇ?


ಮಾಟುಂಗಾ ಮೇಷ್ಟ್ರು
ಬುಧವಾರ, ಬೆಳಗ್ಗೆ 9.50

ಸರಿ. ‘ಹ್ಯಾಡ್’ ಮುಂದೆ ಬಂದು ಕುಳಿತರೆ ‘ಇಫ್’ ಎದ್ದು ಹೋಗುತ್ತದೆ. ಬರಹದ ಗತ್ತು, ಮಾತಿನಲ್ಲಿ ಅಪರೂಪ.


ಮಡಗಾಂವ್ ಮಾಮ, ಗೋವಾ
ಬುಧವಾರ, ಬೆಳಗ್ಗೆ 10.30

ಛತ್ರಿಯ ವಿಷಯ ಯಾರೂ ಎತ್ತಲಿಲ್ಲ. ‘ಟೇಕ್ ಆನ್ ಅಂಬ್ರೆಲಾ ಇಫ್ ಇಟ್ ರೇನ್ಸ್’ ಎಂದರೆ ಮಳೆ ಬಂದರೆ ಛತ್ರಿ ತೆಗೆದುಕೋ, ಬರುವ ತನಕ ಮೂಲೆಯಲ್ಲಿರಲಿ. ‘ಇನ್ ಕೇಸ್ ಇಟ್ ರೇನ್ಸ್’ ಎಂದರೆ ಮಳೆ ಬಂದೀತು, ಈಗಲೇ ಹಿಡಿದುಕೊಂಡು ಹೋಗು. ಜೂನ್ ತಿಂಗಳಲ್ಲಿ ಇವೆರಡರ ನಡುವಿನ ವ್ಯತ್ಯಾಸ ಒಂದು ಜೊತೆ ಬಟ್ಟೆ.


ಕಂಟೇನರ್ ಅಕ್ಕ, ಠಾಣೆ
ಶನಿವಾರ, ಸಂಜೆ 7.10

ಹಡಗು ಶುಕ್ರವಾರ ಬರಲಿಲ್ಲ. ಇವತ್ತು ಮಧ್ಯಾಹ್ನ ಸಿಂಗಪುರದ ಏಜೆಂಟ್ ಫೋನ್ ಮಾಡಿ ಕಾಗದ ಏಕೆ ಸಲ್ಲಿಸಿಲ್ಲ ಎಂದು ಕೇಳಿದ. ಒಂದು ಉಸಿರು ಹಿಡಿದು, ಮನಸ್ಸಿನಲ್ಲಿ ‘ಬಂದಿದ್ದರೆ’ ಎಂದುಕೊಂಡು, ‘ಇಫ್ ದಿ ವೆಸೆಲ್ ಹ್ಯಾಡ್ ಅರೈವ್ಡ್ ಎಸ್ಟರ್ಡೇ, ವಿ ವುಡ್ ಹ್ಯಾವ್ ಫೈಲ್ಡ್ ದಿಸ್ ಮಾರ್ನಿಂಗ್’ ಎಂದೆ. ಅವನು ‘ಓಕೆ, ಓಕೆ’ ಎಂದು ಇಟ್ಟುಬಿಟ್ಟ. ವ್ಯಾಕರಣ ಅವನಿಗೆ ಕೇಳಿಸಲೇ ಇಲ್ಲ. ನನಗೆ ಮಾತ್ರ ಕೇಳಿಸಿತು. ಎದುರಿನ ಮೇಜಿನ ಹುಡುಗಿಗೂ ಕೇಳಿಸಿತು ಎಂದು ಕಾಣುತ್ತದೆ, ತಲೆ ಎತ್ತಿ ನೋಡಿದಳು.

ಅರ್ಧ ಗಂಟೆಯ ಮೇಲೆ ಮ್ಯಾನೇಜರ್ ಮೇಲ್ ಬಂತು, ಎಲ್ಲರಿಗೂ ಕಾಣುವಂತೆ. ‘ಇಫ್ ಯು ವುಡ್ ಹ್ಯಾವ್ ಟೋಲ್ಡ್ ಮಿ ಅಬೌಟ್ ದಿ ಡಿಲೇ, ಐ ವುಡ್ ಹ್ಯಾವ್ ಇನ್ಫಾರ್ಮ್ಡ್ ದಿ ಪಾರ್ಟಿ.’

ಎರಡೂ ತಟ್ಟೆಯಲ್ಲಿ ‘ವುಡ್ ಹ್ಯಾವ್’. ನನ್ನ ಹತ್ತಿರವೂ ಕೆಂಪು ಬಣ್ಣ ಇದೆ. ಏನು ಮಾಡಲಿ?


ಡೊಂಬಿವಲಿ ಸೊಸೆ
ಶನಿವಾರ, ಸಂಜೆ 7.14

ಮನೆಯಲ್ಲಿ ಮರಾಠಿ ಮಾತನಾಡುವವರೇ ಇರಬೇಕು. ಅಕ್ಕಾ, ತಡೆಯಿರಿ. ಮೇಲಿನವರ ತಪ್ಪು ತಿದ್ದಿದರೆ ಬಡ್ತಿ ಸಿಗುವುದಿಲ್ಲ. ಮೇಷ್ಟ್ರೇ, ಈ ವಾಕ್ಯ ಯಾವ ನಂಬರ್?


ಮಾಟುಂಗಾ ಮೇಷ್ಟ್ರು
ಶನಿವಾರ, ಸಂಜೆ 7.40

ಸೊನ್ನೆ. ಹಳಿಯ ಮೇಲಿನ ನೀರಿನ ಹಾಗೆ.